ಖಾತೆಗೆ ಲಂಚ ಕೇಳಿದ್ರೆ ಕೊಡೋಕ್ ಮುಂಚೆ ಇದನ್ನ ಓದಿ
ಖಾತೆ ಬದಲಾವಣೆಗೆ ದುಡ್ಡು ಕೇಳ್ತಿದಾರೆ, ಕೊಟ್ರೆ ನಾನೂ ಕೇಸಲ್ಲಿ ಸಿಕ್ಕೋತೀನಾ ಅಂತ ಕೇಳಿದೀರಲ್ಲ ಸರ್, ಹೌದು, ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ್ಮೇಲೆ ಕೊಡೋದೂ ಅಪರಾಧನೇ, ಬಲವಂತಕ್ಕೆ ಕೊಟ್ಟಿದ್ರೆ ಮಾತ್ರ 7 ದಿನದೊಳಗೆ ಪೊಲೀಸ್ರಿಗೆ ತಿಳಿಸಿದ್ರೆ ಬಚಾವ್. ಅದಕ್ಕಿಂತ ಕೊಡೋಕ್ ಮುಂಚೆನೇ ಲೋಕಾಯುಕ್ತ ಪೊಲೀಸ್ ಹತ್ರ ಹೋಗಿ (ಎಸಿಬಿ ಅಂದ್ರೆ ಭ್ರಷ್ಟಾಚಾರ ನಿಗ್ರಹ ದಳ ಹುಡುಕ್ಬೇಡಿ, ಅದನ್ನ ಹೈಕೋರ್ಟ್ 2022ರಲ್ಲೇ ರದ್ದು ಮಾಡಿದೆ). ಅವ್ರು ನೋಟಿನ ನಂಬರ್ ಬರ್ಕೊಂಡು ಫಿನಾಫ್ತಲೀನ್ ಪುಡಿ ಹಚ್ಚಿ ನಿಮ್ ಕೈಲೇ ಕಳಿಸ್ತಾರೆ, ಲಂಚ ಕೇಳಿದ ಅಧಿಕಾರಿ ಅದನ್ನ ಮುಟ್ಟಿದ್ರೆ, ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ಕರಗಿಸಿದ ನೀರಲ್ಲಿ ಕೈ ತೊಳೆಸ್ದಾಗ ನೀರು ಪಿಂಕ್ ಆಗುತ್ತೆ. ಆದ್ರೆ ಬರೀ ದುಡ್ ಸಿಕ್ರೆ ಸಾಲಲ್ಲ, ಆತನೇ ಕೇಳಿದ್ದು ಅಂತ ಪ್ರೂವ್ ಆಗ್ಬೇಕು, ಎಷ್ಟೋ ಕೇಸ್ ಬಿದ್ದೋಗೋದು ಇಲ್ಲೇ, ಅದಕ್ಕೆ ಫೋನ್ ಮಾತು ರೆಕಾರ್ಡ್ ಮಾಡಿಟ್ಕೊಳ್ಳಿ. ಹೀಗೆ ಬಲೆಗೆ ಕೆಡವೋಕೆ (ಟ್ರ್ಯಾಪ್) ಬಳಸೋ ದುಡ್ಡು ಸಾಮಾನ್ಯವಾಗಿ ನಿಮ್ದೇ, ವಾಪಸ್ ಬರೋಕೆ ಟೈಮ್ ಹಿಡಿಯುತ್ತೆ.