ಹಾಲಾಹಲ ಎಲ್ಲಕ್ಕಿಂತ ಮೊದಲು ಮೇಲೆ ಬರುವುದು ಯಾವ ಪುರಾಣದಲ್ಲಿ? ಸಮುದ್ರಮಥನದ ಲೇಖಕರಿಗೆ ಉತ್ತರ

ನಮಸ್ಕಾರ.

ನೀವು ಕಳಿಸಿದ ‘ನಮ್ಮೊಳಗಿನ ಸಮುದ್ರಮಥನ’ ಓದಿದೆವು. ದೇವತೆಗಳು, ಅಸುರರು ಸೇರಿ ಅಮೃತಕ್ಕಾಗಿ ಕ್ಷೀರಸಾಗರ ಕಡೆದ ಕಥೆಯನ್ನು ಮನಸ್ಸಿನ ಕಥೆಯಾಗಿ ಓದಿದ್ದೀರಿ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ಕಡೆಯುವಾಗ ಎದ್ದ ವಿಷ, ಹಾಲಾಹಲದ ಬಗ್ಗೆ ನೀವು ಬರೆದಿರುವ ಒಂದು ಪ್ಯಾರಾ ತುಂಬ ಚೆನ್ನಾಗಿದೆ: ಕಣ್ಣು ಮುಚ್ಚಿ ಕುಳಿತವನಿಗೆ ಮೊದಲು ಸಿಗುವುದು ಶಾಂತಿಯಲ್ಲ, ಹಳೆಯ ಸಿಟ್ಟು, ಅವಮಾನಗಳೇ ಮೇಲೆ ಬರುತ್ತವೆ ಅಂದಿದ್ದೀರಿ. ಇಡೀ ಲೇಖನವನ್ನು ಈ ಮಾತಿನ ಸುತ್ತ ಮತ್ತೆ ಕಟ್ಟಬಹುದು.

ಉಳಿದದ್ದೆಲ್ಲ ಪಟ್ಟಿಯಾಗಿದೆ. ಕ್ಷೀರಸಾಗರ ಎಂದರೆ ಮನಸ್ಸು, ಕಡೆಗೋಲಾದ ಮಂದರ ಬೆಟ್ಟ ಎಂದರೆ ಏಕಾಗ್ರತೆ, ಹಗ್ಗವಾದ ಹಾವು ವಾಸುಕಿ ಎಂದರೆ ಆಸೆ, ದೇವತೆಗಳು ಒಳ್ಳೆಯ ಯೋಚನೆ, ಅಸುರರು ಕೆಟ್ಟ ಯೋಚನೆ, ಕಡಲಿಂದ ಬಂದ ಹದಿನಾಲ್ಕು ರತ್ನಗಳು ಹದಿನಾಲ್ಕು ಸಿದ್ಧಿ, ಅಮೃತ ಆತ್ಮಜ್ಞಾನ. ಹೀಗೆ ಹೆಸರಿಗೊಂದು ಅರ್ಥ ಅಂಟಿಸುತ್ತ ಹೋದರೆ ಕಥೆಯಲ್ಲಿ ಯಾರು ಏನು ಮಾಡಿದರು ಎಂಬುದೇ ಕಾಣದೆ ಹೋಗುತ್ತದೆ. ವಾಸುಕಿ ಆಸೆಯೇ ಆಗಿದ್ದರೆ, ಅಮೃತದಲ್ಲಿ ಪಾಲು ಕೊಡುತ್ತೇವೆಂದು ಮಾತು ಕೊಟ್ಟು ಅವನನ್ನು ಕರೆತಂದದ್ದೇಕೆ? ಆಸೆಗೂ ಆತ್ಮಜ್ಞಾನದಲ್ಲಿ ಪಾಲುಂಟೇ? ಈ ಪ್ರಶ್ನೆ ಎದುರಿಸಿದ್ದರೆ ಲೇಖನ ಬೇರೆಯೇ ಆಗುತ್ತಿತ್ತು.

ಮೊದಲು ಮಾಡಬೇಕಾದ ಕೆಲಸ, ಒಂದು ಗ್ರಂಥವನ್ನು ಆರಿಸಿಕೊಳ್ಳುವುದು. ನೀವು ಭಾಗವತ, ವಿಷ್ಣುಪುರಾಣ, ಮಹಾಭಾರತದ ಆದಿಪರ್ವ, ಜೊತೆಗೆ ಮನೆಯಲ್ಲಿ ಕೇಳಿದ ಕಥೆ ಎಲ್ಲವನ್ನೂ ಬೆರೆಸಿದ್ದೀರಿ. ‘ವಿಷ ಯಾವಾಗಲೂ ಮೊದಲೇ ಬರುತ್ತದೆ’ ಎಂಬ ನಿಮ್ಮ ಒಳ್ಳೆಯ ಮಾತಿಗೆ ಆಧಾರವಿರುವುದು ಭಾಗವತದಲ್ಲಿ, ಎಂಟನೆಯ ಸ್ಕಂಧದ ಏಳನೆಯ ಅಧ್ಯಾಯದಲ್ಲಿ. ವಿಷ್ಣುಪುರಾಣದ ಮೊದಲ ಅಂಶ, ಒಂಬತ್ತನೆಯ ಅಧ್ಯಾಯ ತೆಗೆದು ನೋಡಿ. ಅಲ್ಲಿ ಸುರಭಿ, ವಾರುಣಿ, ಪಾರಿಜಾತ, ಅಪ್ಸರೆಯರು, ಚಂದ್ರ ಎಲ್ಲ ಬಂದ ಮೇಲೆ ವಿಷ ಬರುತ್ತದೆ, ಅದನ್ನು ತೆಗೆದುಕೊಳ್ಳುವವರು ನಾಗರು. ಶಿವನಿಗೆ ಸಿಗುವುದು ಚಂದ್ರ. ಹಾಗಾಗಿ ನಿಮ್ಮ ವಾದಕ್ಕೆ ಭಾಗವತವೇ ಸರಿ. ಆದರೆ ಭಾಗವತ ಹಿಡಿದರೆ ಹದಿನಾಲ್ಕರ ಲೆಕ್ಕ ಬಿಡಬೇಕು. ಅಲ್ಲಿ ಹದಿನಾಲ್ಕು ಎಂದು ಎಣಿಸಿಲ್ಲ, ರತ್ನಗಳ ಸಾಲಿನಲ್ಲಿ ಚಂದ್ರನೂ ಇಲ್ಲ. ಏಳು ಚಕ್ರಗಳನ್ನು ಇಮ್ಮಡಿ ಮಾಡಿ ಹದಿನಾಲ್ಕಕ್ಕೆ ಹೊಂದಿಸಿದ ಭಾಗವನ್ನು, ಮಿದುಳಿನೊಳಗಿನ ಪೀನಿಯಲ್ ಗ್ರಂಥಿಯ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ಎರಡಕ್ಕೂ ಕಥೆಯಲ್ಲಿ ಆಧಾರವಿಲ್ಲ.

ಇನ್ನು ಕಡೆಯುವ ಕೆಲಸ. ‘ಎರಡೂ ಕಡೆಯವರು ಏಕಕಾಲಕ್ಕೆ ಪೂರ್ತಿ ಬಲ ಹಾಕಿ ಎಳೆದರು’ ಎಂದು ಬರೆದಿದ್ದೀರಿ. ಹಾಗೆ ಎಳೆದರೆ ಹಗ್ಗ ಬಿಗಿದು ಕಡೆಗೋಲು ನಿಂತುಬಿಡುತ್ತದೆ. ಒಂದು ತುದಿ ಎಳೆಯುವಾಗ ಇನ್ನೊಂದು ತುದಿ ಸಡಿಲ ಬಿಡಬೇಕು; ಮರುಕ್ಷಣ ತಿರುವುಮುರುವು. ಮೊಸರು ಕಡೆದ ಯಾರಿಗೂ ಇದು ಗೊತ್ತು. ನಿಮ್ಮ ವಾದ ಸೋಲುವುದೂ ಇಲ್ಲೇ. ಕೆಟ್ಟ ಯೋಚನೆಗಳನ್ನು ಓಡಿಸಿದರೆ ಅರಿವು ಬರುತ್ತದೆ ಅನ್ನುತ್ತೀರಿ. ಕಥೆಯಲ್ಲಿ ಅಸುರರನ್ನು ಓಡಿಸಿದರೆ ಬೆಟ್ಟ ತಿರುಗುವುದೇ ಇಲ್ಲ. ಅವರೊಡನೆ ಸಂಧಿ ಮಾಡಿಕೊಳ್ಳಿ ಎಂದು ವಿಷ್ಣುವೇ ಭಾಗವತದ ಅದೇ ಎಂಟನೆಯ ಸ್ಕಂಧದ ಆರನೆಯ ಅಧ್ಯಾಯದಲ್ಲಿ ದೇವತೆಗಳಿಗೆ ಹೇಳಿಕೊಡುತ್ತಾನೆ. ಇಬ್ಬರೂ ಕಶ್ಯಪನ ಮಕ್ಕಳು.

ಬುಡಕ್ಕೆ ಆಧಾರವಿಲ್ಲದೆ ಬೆಟ್ಟ ಮುಳುಗಿದ್ದನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ಇನ್ನಷ್ಟು ನಿಲ್ಲಿ. ಬಲವಂತರೇ ಎರಡೂ ಕಡೆ ಇದ್ದರು, ಆದರೂ ಮುಳುಗಿತು. ವಿಷ್ಣು ಕೂರ್ಮನಾಗಿ, ಅಂದರೆ ಆಮೆಯಾಗಿ, ಕೆಳಗೆ ಬಂದ ಮೇಲೆಯೇ ಕೆಲಸ ಸಾಗಿತು. ಅಷ್ಟು ದೊಡ್ಡ ಬೆಟ್ಟದ ತಿರುಗಾಟ ಅವನಿಗೆ ಬೆನ್ನು ತುರಿಸಿದಷ್ಟು ಹಿತವಾಗಿತ್ತು ಎನ್ನುತ್ತದೆ ಭಾಗವತ. ಮೇಲೆ ಎಳೆದಾಟ, ಕೆಳಗೆ ಅಲುಗದ ಒಂದು ನೆಲೆ. ಒಳಗಿನ ಸಾಕ್ಷಿಯ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಈ ಕಥೆಯಲ್ಲಿಲ್ಲ. ವಾಸುಕಿಯ ತಲೆ ಯಾರು ಹಿಡಿಯಬೇಕು, ಬಾಲ ಯಾರು ಹಿಡಿಯಬೇಕು ಎಂಬ ಜಗಳವನ್ನೂ ಬಿಟ್ಟಿದ್ದೀರಿ. ಹರಿ ಮೊದಲು ತಲೆಯ ಕಡೆ ನಿಂತ. ‘ನಾವು ಕುಲೀನರು, ಓದಿದವರು, ಬಾಲ ಹಿಡಿಯುವುದಿಲ್ಲ’ ಎಂದು ದೈತ್ಯರು ಹಟ ಹಿಡಿದರು. ಅವನು ನಕ್ಕು ತಲೆ ಬಿಟ್ಟುಕೊಟ್ಟ. ಕಡೆಯಲು ತೊಡಗಿದಾಗ ವಾಸುಕಿಯ ಬಾಯಿಂದ ಬಂದ ಬೆಂಕಿ, ಹೊಗೆಗೆ ಬೆಂದವರು ಅವರೇ. ಅಹಂಕಾರ ತನಗೆ ತಾನೇ ಏನು ಮಾಡಿಕೊಳ್ಳುತ್ತದೆ ಎಂದು ನೀವು ಎರಡು ಪುಟ ಬರೆದಿದ್ದೀರಲ್ಲ, ಆ ಎರಡು ಪುಟ ಬೇಡ. ಈ ಪ್ರಸಂಗ ಸಾಕು.

ಹಾಲಾಹಲಕ್ಕೆ ಬರೋಣ. ಪಾರ್ವತಿ ಶಿವನ ಕುತ್ತಿಗೆ ಒತ್ತಿ ಹಿಡಿದಳು ಎಂಬುದು ಜನಪ್ರಿಯ ಕಥೆ, ಭಾಗವತದಲ್ಲಿಲ್ಲ. ಅಲ್ಲಿ ಶಿವ ಪ್ರಾಣಿಗಳ ಸಂಕಟವನ್ನು ಭವಾನಿಗೆ ತೋರಿಸಿ, ತಾನು ಇದನ್ನು ಕುಡಿಯುತ್ತೇನೆ ಅನ್ನುತ್ತಾನೆ. ಅವನ ಶಕ್ತಿ ಬಲ್ಲ ಅವಳು ಒಪ್ಪುತ್ತಾಳೆ. ವಿಷ ಕಂಠದಲ್ಲಿ ನೀಲಿ ಕಲೆ ಉಳಿಸಿತು, ಆ ಕಲೆಯೇ ಅವನಿಗೆ ಆಭರಣವಾಯಿತು. ಆಮೇಲೆ ಬರುವ ಒಂದು ಮಾತನ್ನು ಬಹಳ ಜನ ಗಮನಿಸುವುದಿಲ್ಲ: ಕುಡಿಯುವಾಗ ಅಂಗೈಯಿಂದ ಜಾರಿದ ಹನಿಗಳನ್ನು ಚೇಳು, ಹಾವು, ವಿಷದ ಗಿಡಗಳು ಹೀರಿಕೊಂಡವು. ಶಿವನ ಕೈಯಿಂದಲೇ ಹನಿ ಜಾರಿತು. ಸಿಟ್ಟು ನುಂಗಿಕೊಂಡೆ ಎನ್ನುವವರ ಮನೆಯಲ್ಲಿ ಆ ಸಿಟ್ಟಿನ ಹನಿ ಯಾರ ಮೇಲೆ ಬಿದ್ದಿದೆ ಎಂದು ಕೇಳಲು ಈ ಮಾತು ದಾರಿ ಕೊಡುತ್ತದೆ. ಇದು ನಮ್ಮ ಓದು, ಗ್ರಂಥದ ಮಾತಲ್ಲ. ಬಳಸಿದರೆ ಹಾಗೆಂದೇ ಬರೆಯಿರಿ.

ಗ್ರಂಥದ ಮಾತು, ನಮ್ಮ ಓದು ಇವುಗಳ ನಡುವಿನ ಈ ಗೆರೆಯನ್ನು ಲೇಖನದುದ್ದಕ್ಕೂ ಕಾಪಾಡಬೇಕು. ಕೆಲವು ಕಡೆ ಗ್ರಂಥವೇ ಬೀಗದ ಕೈ ಕೊಡುತ್ತದೆ. ಕಠೋಪನಿಷತ್ತಿನ ಮೊದಲ ಅಧ್ಯಾಯದ ಮೂರನೆಯ ವಲ್ಲಿಯಲ್ಲಿ ಆತ್ಮ ರಥಿಕ, ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಭಾಗವತದ ನಾಲ್ಕನೆಯ ಸ್ಕಂಧದ ಪುರಂಜನನ ಕಥೆಯನ್ನು ನಾರದ ಹೇಳಿ ಮುಗಿಸಿ, 29ನೆಯ ಅಧ್ಯಾಯದಲ್ಲಿ ತಾನೇ ಬಿಡಿಸುತ್ತಾನೆ: ಪುರಂಜನ ಜೀವ, ಒಂಬತ್ತು ಬಾಗಿಲಿನ ಪಟ್ಟಣ ದೇಹ, ಅವನ ರಾಣಿ ಬುದ್ಧಿ, ಐದು ಹೆಡೆಯ ಹಾವು ಪ್ರಾಣ. ಸಮುದ್ರಮಥನಕ್ಕೆ ಇಂಥ ಬೀಗದ ಕೈಯನ್ನು ಭಾಗವತ ಕೊಟ್ಟಿಲ್ಲ. ಹಾಗಿರುವಾಗ ‘ಋಷಿಗಳು ಮಂದರವನ್ನು ಏಕಾಗ್ರತೆಯ ಸಂಕೇತವಾಗಿ ಇಟ್ಟರು’ ಎಂದು ನೀವು ಬರೆಯುವಂತಿಲ್ಲ. ‘ಮಂದರವನ್ನು ಏಕಾಗ್ರತೆ ಎಂದು ಓದಬಹುದು’ ಎನ್ನಿ, ಯಾಕೆಂದು ಕಥೆಯಿಂದಲೇ ತೋರಿಸಿ. ಆದರೆ ಕಡೆಯುವ ಮೊದಲೇ ವಿಷ್ಣು ದೇವತೆಗಳಿಗೆ ಕೊಟ್ಟ ಎಚ್ಚರಿಕೆಯೊಂದಿದೆ: ವಿಷ ಬಂದರೆ ಹೆದರಬೇಡಿ, ಮೇಲೆ ಬರುವ ವಸ್ತುಗಳ ಮೇಲೆ ಲೋಭ ಬೇಡ, ಕಾಮ ಬೇಡ, ಕೋಪ ಬೇಡ. ನಿಮ್ಮ ವಿಷಯಕ್ಕೆ ನೇರ ಸಂಬಂಧವಿರುವ ಮಾತು ಇದೊಂದು. ಲೇಖನದಲ್ಲಿ ಎಲ್ಲೂ ಬಂದಿಲ್ಲ. ಮೊದಲ ಪುಟದಲ್ಲೇ ಬರಲಿ.

ಕೊನೆಯನ್ನೂ ತಿದ್ದಬೇಕು. ‘ಅಮೃತ ಸಿಕ್ಕಿತು, ಕೆಡುಕು ಶಾಶ್ವತವಾಗಿ ಸೋತಿತು’ ಎಂದು ಮುಗಿಸಿದ್ದೀರಿ. ಅಮೃತ ಹಂಚಿದ ಮೇಲೆ ಯುದ್ಧವಾಗುತ್ತದೆ. ಬಿದ್ದ ಅಸುರರಾಜ ಬಲಿಯನ್ನು ಅವರ ಗುರು ಶುಕ್ರಾಚಾರ್ಯ ಬದುಕಿಸುತ್ತಾನೆ. ಎಂಟನೆಯ ಸ್ಕಂಧದ 15ನೆಯ ಅಧ್ಯಾಯದಲ್ಲಿ ಬಲಿ ಸ್ವರ್ಗವನ್ನು ಮತ್ತೆ ಗೆಲ್ಲುತ್ತಾನೆ. ಒಮ್ಮೆ ಬಂದ ಅರಿವು ಜಾರುವುದೂ ಉಂಟು ಎಂಬುದನ್ನು ಪುರಾಣ ಮುಚ್ಚಿಟ್ಟಿಲ್ಲ, ನೀವೂ ಮುಚ್ಚಿಡಬೇಡಿ.

ಬರವಣಿಗೆಯ ಬಗ್ಗೆ ಸ್ವಲ್ಪವೇ ಹೇಳುವುದಿದೆ. ಸನಾತನ ಧರ್ಮದ ಹಿರಿಮೆ ಸಾರುವ ಮೊದಲ ಮೂರು ಪ್ಯಾರಾ ತೆಗೆಯಿರಿ, ನಾಲ್ಕನೆಯದರಿಂದ ಶುರುಮಾಡಿ. ‘ಸಂಕೇತಿಸುತ್ತದೆ’ ಎಂಬ ಕ್ರಿಯಾಪದ ಪ್ರತಿ ಪುಟದಲ್ಲೂ ಐದಾರು ಸಲ ಬಂದಿದೆ. ಅದನ್ನು ಹೊಡೆದುಹಾಕಿದರೆ ಯಾವ ವಾಕ್ಯದಲ್ಲಿ ಹುರುಳಿಲ್ಲ ಎಂದು ನಿಮಗೇ ಕಾಣುತ್ತದೆ. 2,600 ಪದ ಇರುವುದು 1,200ಕ್ಕೆ ಇಳಿಯಲಿ. ವಿಷ, ಕೂರ್ಮ, ತಲೆ-ಬಾಲದ ಜಗಳ: ಈ ಮೂರನ್ನು ಮಾತ್ರ ಇಟ್ಟುಕೊಂಡರೂ ನಮಗೆ ಸಂತೋಷವೇ.

ತಿದ್ದಿದ ಪ್ರತಿಯಲ್ಲಿ ಪ್ರತಿ ಪ್ರಸಂಗದ ಪಕ್ಕ ಸ್ಕಂಧ, ಅಧ್ಯಾಯ, ಶ್ಲೋಕದ ಸಂಖ್ಯೆ ಬರೆದಿರಿ. ಅಚ್ಚಿನಲ್ಲಿ ಅವು ಬರುವುದಿಲ್ಲ. ಮೂಲದೊಂದಿಗೆ ಹೋಲಿಸಿ ನೋಡಲು ನಮಗೆ ಬೇಕು.

ಸಂಪಾದಕ ಬಳಗ