ಸೊನ್ನೆಯ ಘಾತ ಸೊನ್ನೆ ಎಷ್ಟು? ಎಕ್ಸೆಲ್ ಮತ್ತು ಪೈಥಾನ್ ಬೇರೆ ಬೇರೆ ಉತ್ತರ ಕೊಡುವುದೇಕೆ?

0⁰ ಎಂದು ಕೊಟ್ಟರೆ ಲೆಕ್ಕಪಟ್ಟಿಯ ತಂತ್ರಾಂಶವಾದ ಎಕ್ಸೆಲ್ ದೋಷವೆನ್ನುತ್ತದೆ, ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ 1 ಎನ್ನುತ್ತದೆ, ಇವೆರಡರಲ್ಲಿ ತಪ್ಪಿರುವುದು ಯಾವುದು ಎಂದು ತಾವು ಕೇಳಿದ್ದೀರಿ. ಎರಡೂ ಸರಿ ಎಂದುಬಿಟ್ಟರೆ ಜಾರಿಕೊಂಡಂತಾಗುತ್ತದೆ. ಆದ್ದರಿಂದ ನನ್ನ ನಿಲುವನ್ನು ಮೊದಲೇ ತಿಳಿಸುತ್ತೇನೆ. ಘಾತಸೂಚಿಯು ‘ಎಷ್ಟು ಸಲ’ ಎಂಬ ಎಣಿಕೆಯನ್ನು ಹೇಳುವ ಕಡೆಯಲ್ಲೆಲ್ಲ 0⁰ ಎಂಬುದನ್ನು ನಾನು 1 ಎಂದೇ ಬರೆಯುತ್ತೇನೆ.

ಗೊಂದಲ ಹುಟ್ಟುವುದು ಶಾಲೆಯಲ್ಲಿ ಕಲಿತ ಎರಡು ನಿಯಮಗಳಿಂದ. ಯಾವ ಸಂಖ್ಯೆಗಾದರೂ ಘಾತ ಸೊನ್ನೆಯಾದರೆ ಬೆಲೆ 1 ಎಂಬುದು ಒಂದು. ಸೊನ್ನೆಯ ಯಾವ ಘಾತವೂ ಸೊನ್ನೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಸಾಮಾನ್ಯವಾಗಿ 5³ನ್ನು 5³ರಿಂದ ಭಾಗಿಸಿ ಸಾಧಿಸುತ್ತಾರೆ. 5ರ ಜಾಗದಲ್ಲಿ ಸೊನ್ನೆಯನ್ನು ಇಟ್ಟೊಡನೆ ಸೊನ್ನೆಯಿಂದ ಭಾಗಿಸಬೇಕಾಗುವುದರಿಂದ ಆ ಸಾಧನೆ ಮುರಿದುಬೀಳುತ್ತದೆ. ಎರಡನೆಯದು ಘಾತಸೂಚಿ ಧನಸಂಖ್ಯೆಯಾಗಿರುವಾಗ ಮಾತ್ರ ನಿಜ. ಹಾಗಾಗಿ ಇವೆರಡು ನಿಯಮಗಳು 0⁰ ವಿಷಯದಲ್ಲಿ ಜಗಳವಾಡುತ್ತಿಲ್ಲ, ಏನನ್ನೂ ಹೇಳುತ್ತಿಲ್ಲ ಅಷ್ಟೆ.

ಘಾತವೆಂದರೇನು ಎಂಬಲ್ಲಿಂದಲೇ ಹೊರಡೋಣ. ಕೂಡುವಾಗ ಸೊನ್ನೆಯಿಂದ ಆರಂಭಿಸುವಂತೆ ಗುಣಿಸುವಾಗ 1ರಿಂದ ಆರಂಭಿಸುತ್ತೇವೆ. 5³ ಎಂದರೆ 1ನ್ನು ಮೂರು ಸಲ 5ರಿಂದ ಗುಣಿಸುವುದು. ಒಮ್ಮೆಯೂ ಗುಣಿಸದಿದ್ದರೆ ಆರಂಭದ 1 ಹಾಗೆಯೇ ಉಳಿಯುತ್ತದೆ, ಮತ್ತು ಬಳಸದೇ ಬಿಟ್ಟ ಆ ಸಂಖ್ಯೆ ಐದೋ ಸೊನ್ನೆಯೋ ಎಂಬುದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ. ಎಣಿಕೆಯೂ ಇದನ್ನೇ ಹೇಳುತ್ತದೆ. ನಮ್ಮ ವರ್ಣಮಾಲೆಯ 49 ಅಕ್ಷರಗಳಿಂದ, ಅರ್ಥವಿರಲಿ ಇಲ್ಲದಿರಲಿ, ಎರಡಕ್ಷರದ ಸಾಲುಗಳನ್ನು ಜೋಡಿಸಿದರೆ 49² ಅಂದರೆ 2401 ಸಾಲುಗಳಾಗುತ್ತವೆ. ಅಕ್ಷರಗಳೇ ಇಲ್ಲದ ವರ್ಣಮಾಲೆಯಿಂದ ಎರಡಕ್ಷರದ ಒಂದು ಸಾಲೂ ಹುಟ್ಟದು, ಆದ್ದರಿಂದ 0² ಸೊನ್ನೆ. ಆದರೆ ಏನನ್ನೂ ಬರೆಯದ ಖಾಲಿ ಸಾಲು ಆ ವರ್ಣಮಾಲೆಗೂ ಒಂದು ಇದ್ದೇ ಇದೆ, ಆದ್ದರಿಂದ 0⁰ ಎಂದರೆ 1.

ಇಲ್ಲಿ ಮಹಾವೀರಾಚಾರ್ಯ ನೆನಪಾಗುತ್ತಾನೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ವನ್ನು ಬರೆದ ಈ ಜೈನ ಗಣಿತಜ್ಞ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದಿದ್ದಾನೆ. ಏನೂ ಮಾಡದಿದ್ದರೆ ಇದ್ದದ್ದು ಇದ್ದಂತೆಯೇ ಎಂಬ ಆಲೋಚನೆ ಅದರ ಹಿಂದೆ ಇದ್ದಿರಬಹುದೆಂದು ನನ್ನ ಊಹೆ. ಭಾಗಾಕಾರದಲ್ಲಿ ಅದು ಸಲ್ಲುವುದಿಲ್ಲ, ಏಕೆಂದರೆ ಅಲ್ಲಿ ಸೊನ್ನೆಯೇ ಭಾಜಕ. ಘಾತಸೂಚಿಯಲ್ಲಿ ಸಲ್ಲುತ್ತದೆ, ಏಕೆಂದರೆ ಅಲ್ಲಿ ಸೊನ್ನೆ ನಿಜವಾಗಿಯೂ ‘ಒಂದು ಸಲವೂ ಇಲ್ಲ’ ಎಂದು ಹೇಳುತ್ತದೆ.

ಹಾಗಿದ್ದರೆ ತಕರಾರು ಎಲ್ಲಿಯದು? ಆಧಾರಸಂಖ್ಯೆ ಮತ್ತು ಘಾತಸೂಚಿಗಳು ಸೊನ್ನೆಯಾಗಿರದೆ ಸೊನ್ನೆಯ ಸಮೀಪಕ್ಕೆ ಸರಿಯುತ್ತಿರುವಾಗ ಮಾತು ಬೇರೆಯಾಗುತ್ತದೆ. 0.1ರ ಘಾತ 0.1 ಸುಮಾರು 0.794, 0.01ರ ಘಾತ 0.01 ಸುಮಾರು 0.955, 0.001ರ ಘಾತ 0.001 ಸುಮಾರು 0.993, ಈ ಸಾಲು 1ರ ಕಡೆಗೇ ನಡೆಯುತ್ತದೆ. ಇದನ್ನು ನೋಡಿ ಸಮಾಧಾನಪಟ್ಟುಕೊಳ್ಳುವವರು ಇನ್ನೊಂದು ಸಾಲನ್ನೂ ನೋಡಬೇಕು: 1/2¹⁰ರ ಘಾತ 1/10, 1/2¹⁰⁰ರ ಘಾತ 1/100, ಹೀಗೆ. ಇಲ್ಲಿಯೂ ಎರಡೂ ರಾಶಿಗಳು ಸೊನ್ನೆಗೆ ಇಳಿಯುತ್ತಿವೆ, ಆದರೆ ಬೆಲೆ ಪ್ರತಿ ಹೆಜ್ಜೆಯಲ್ಲಿಯೂ ಸರಿಯಾಗಿ ಅರ್ಧ! ಎರಡರ ಬದಲು ಮೂರನ್ನಿಟ್ಟರೆ ಮೂರನೆಯ ಒಂದು ಭಾಗ ಬರುತ್ತದೆ. ಫ್ರೆಂಚ್ ಗಣಿತಜ್ಞ ಕೋಷಿ 1821ರಲ್ಲಿ 0⁰ನ್ನು ಅನಿರ್ಧಾರಿತ ರೂಪಗಳ, ಅಂದರೆ ಒಂದೇ ನಿಶ್ಚಿತ ಬೆಲೆ ಹೇಳಲಾಗದವುಗಳ, ಪಟ್ಟಿಗೆ ಸೇರಿಸಿದ್ದು ಇಂಥ ಕಾರಣಕ್ಕೆ. 1834ರಲ್ಲಿ ಜರ್ಮನ್ ಗಣಿತಜ್ಞ ಮೋಬಿಯಸ್ ಮಿತಿಯ (ಹೀಗೆ ಸಮೀಪಕ್ಕೆ ಸರಿಯುತ್ತ ಹೋದಾಗ ತಲುಪುವ ಬೆಲೆಯ) ಮೂಲಕವೇ ಬೆಲೆ 1 ಎಂದು ಸಾಧಿಸಹೊರಟಾಗ, ‘ಎಸ್’ ಎಂದಷ್ಟೇ ಸಹಿ ಹಾಕಿದ ಒಬ್ಬರು ಮೇಲಿನಂಥದೇ ಉದಾಹರಣೆಯಿಂದ ಅದನ್ನು ಖಂಡಿಸಿದರು. ಮೋಬಿಯಸ್‌ನ ಉತ್ತರ ಸರಿಯಿತ್ತು, ದಾರಿ ತಪ್ಪಾಗಿತ್ತು ಎಂದು ನನಗನ್ನಿಸುತ್ತದೆ.

ಕಂಪ್ಯೂಟರ್ ಲೋಕಕ್ಕೂ ಈ ಭೇದ ಗೊತ್ತು. ಕಂಪ್ಯೂಟರ್‌ಗಳು ದಶಾಂಶ ಲೆಕ್ಕ ಮಾಡುವ ಬಗೆಯನ್ನು ಗೊತ್ತುಪಡಿಸುವ ಐಇಇಇ 754 ಮಾನಕದ 2008ರ ಆವೃತ್ತಿಯಲ್ಲಿ ‘ಪೌ’ ಎಂಬ ಕ್ರಿಯೆ 0⁰ಗೆ 1 ಕೊಡುತ್ತದೆ, ‘ಪೌಆರ್’ ಎಂಬುದು ‘ಸಂಖ್ಯೆಯಲ್ಲ’ ಎನ್ನುತ್ತದೆ. ಪೈಥಾನ್ ಮೊದಲನೆಯ ದಾರಿ ಹಿಡಿದಿದೆ. ಎಕ್ಸೆಲ್‌ನ ಎಚ್ಚರಿಕೆ ಮಿತಿಯ ಲೆಕ್ಕಕ್ಕೆ ಒಪ್ಪಿದರೂ ದೈನಂದಿನ ಬೀಜಗಣಿತಕ್ಕೆ ತೊಡಕು: (1+0)²ನ್ನು ದ್ವಿಪದ ಪ್ರಮೇಯದಂತೆ ಬಿಡಿಸಿದರೆ ಮೊದಲ ಪದದಲ್ಲಿ 0⁰ ಬರುತ್ತದೆ, ಅದು 1 ಆಗದಿದ್ದರೆ ಮೊತ್ತ 1 ಆಗುವುದಿಲ್ಲ. ಆದ್ದರಿಂದ ಅಲ್ಲಿ ಬಹುಪದೋಕ್ತಿಯನ್ನೋ ಇಂಥ ವಿಸ್ತರಣೆಯನ್ನೋ ಲೆಕ್ಕ ಹಾಕುವಾಗ, ಘಾತಸೂಚಿ ಸೊನ್ನೆಯಾದರೆ ಬೆಲೆ 1 ಎಂಬುದನ್ನು ‘ಇಫ್’ ಸೂತ್ರದ ಮೂಲಕ ತಾವೇ ಸೇರಿಸಿಕೊಳ್ಳಬೇಕಾಗುತ್ತದೆ.