ಬಾಯೇ ಮುಡ್ ಅಂದ್ರೆ ಬಾಯ್ಮುಚ್ಚು ಅಲ್ಲ

ಹೊಳಲ್ಕೆರೆ ಕಡೆಯ ಹೈಸ್ಕೂಲೊಂದರಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಮೇಷ್ಟ್ರು ಬರೆದಿದ್ದಾರೆ: "ಈ ವಾರದ ಪರೇಡಿನಲ್ಲಿ ಹೇಳಿಕೊಟ್ಟದ್ದನ್ನು ಹುಡುಗರು ಮುಂದಿನ ವಾರಕ್ಕೆ ಮರೆತಿರುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ ನಮ್ಮ ಕೆಡೆಟ್‌ಗಳಿಗಾಗಿ ಒಂದು ಡಿಜಿಟಲ್ ಕಲಿಕಾ ವೇದಿಕೆ ಮಾಡಿಕೊಡುತ್ತೇನೆ ಅಂದಿದ್ದಾನೆ. ಹಾಜರಿ, ಪಾಠ, ಪರೀಕ್ಷೆ ಎಲ್ಲ ಅದರಲ್ಲೇ. ಪಾಯಿಂಟ್ ಜಾಸ್ತಿ ಬಂದವರಿಗೆ ಕಾರ್ಪೊರಲ್, ಸಾರ್ಜೆಂಟ್ ಅಂತ ಪಟ್ಟವೂ ಸಿಗುತ್ತದಂತೆ. ನನ್ನ ಹಳೆಯ ನೋಟ್ಸೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದೆ. ಎಲ್ಲಿಂದ ಶುರು ಮಾಡಲಿ?"

ಪ್ರಿಯ ಮೇಷ್ಟ್ರೇ,

ನಾನೂ ಹಳೆಯ ಕೆಡೆಟ್. ದಾವಣಗೆರೆಯಲ್ಲಿ ಮೊದಲ ಪರೇಡಿನ ದಿನ ಡ್ರಿಲ್ ಕಲಿಸುವ ಉಸ್ತಾದ್ "ಬಾಯೇ ಮುಡ್" ಅಂತ ಕೂಗಿದರು. ನಾವು ನಾಲ್ಕು ಜನ ಹೇಗೋ ಎಡಕ್ಕೆ ತಿರುಗಿದೆವು. ಪಕ್ಕದ ಹುಡುಗ ಮಾತ್ರ ತುಟಿ ಬಿಗಿಹಿಡಿದು ನೆಟ್ಟಗೆ ನಿಂತಿದ್ದ. ಅವನ ಕಿವಿಗೆ ಅದು "ಬಾಯ್ಮುಚ್ಚು" ಅಂತ ಕೇಳಿಸಿತ್ತು. ಬೈಗುಳ ತಿಂದ, ಪಾಪ. ಆದರೆ ತಪ್ಪು ಅವನದಲ್ಲ, ಅಲ್ವಾ? ಹಿಂದಿಯ ಇಪ್ಪತ್ತು ಆದೇಶಗಳನ್ನು ಯಾರಾದರೂ ಹಿಂದಿನ ದಿನ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಸಾಕಿತ್ತು.

ನಿಮ್ಮ ವೇದಿಕೆ ಇರಬೇಕಾದದ್ದು ಆ "ಹಿಂದಿನ ದಿನ"ಕ್ಕೆ. ಎರಡು ಪರೇಡುಗಳ ನಡುವೆ ಆರು ದಿನ ಇದೆಯಲ್ಲ, ಅದಷ್ಟೇ ಅದರ ಜಾಗ. ಮೈದಾನವನ್ನೇ ಫೋನಿಗೆ ತುಂಬಲು ಹೊರಟರೆ ಎರಡೂ ಕೆಡುತ್ತವೆ.

ಅದಕ್ಕೇ ಮೊದಲು ತೆಗೆದುಹಾಕುವ ಮಾತು. ಹಾಜರಿಯನ್ನು ಆ್ಯಪಿಗೆ ಕೊಡಬೇಡಿ. ಎರಡು ವರ್ಷದ ತರಬೇತಿ ಮುಗಿಸಿ 'ಎ' ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು ಪರೇಡಿನ ಹಾಜರಿ ಶೇ. 75 ಬೇಕು. ಅದು ಬೂಟು ಹಾಕಿಕೊಂಡು ಬಿಸಿಲಲ್ಲಿ ನಿಂತ ಹಾಜರಿ. ವಿಡಿಯೋ ನೋಡಿದ ನಿಮಿಷಗಳು ಅದಕ್ಕೆ ಸೇರುವುದಿಲ್ಲ. ರ‍್ಯಾಂಕೂ ಬೇಡ. ಮನೆಯಲ್ಲಿ ಸ್ವಂತ ಫೋನಿರುವ ಹುಡುಗ ಒಂದೇ ರಾತ್ರಿಯಲ್ಲಿ ಸಾರ್ಜೆಂಟ್ ಆಗಿಬಿಡುತ್ತಾನೆ. ಅಣ್ಣ ಬಿಟ್ಟುಕೊಟ್ಟಾಗ ಮಾತ್ರ ಫೋನು ಮುಟ್ಟುವ ಹುಡುಗಿ ಕೊನೆಯ ಸಾಲಿನಲ್ಲೇ ಉಳಿಯುತ್ತಾಳೆ. ರೈಫಲ್ ಪಾಠವೂ ಫೋನಿನಲ್ಲಿ ಬೇಡ. ಪಾಯಿಂಟ್ 22 ಬೋರಿನ ಸಣ್ಣ ಬಂದೂಕಾದರೂ ಅದು ರೈಫಲ್ಲೇ. ಬಿಚ್ಚಿ ಜೋಡಿಸುವುದು ಉಸ್ತಾದರ ಕಣ್ಣೆದುರಿಗೇ ಆಗಲಿ.

ಇನ್ನೊಂದು ಮಾತು. 2020ರ ಆಗಸ್ಟ್‌ನಲ್ಲಿ, ಕೊರೊನಾ ಕಾಲದಲ್ಲಿ, ಎನ್‌ಸಿಸಿಯೇ ಒಂದು ಟ್ರೈನಿಂಗ್ ಆ್ಯಪ್ ತಂದಿತು. ಸಿಲಬಸ್, ವಿಡಿಯೋ, ಪ್ರಶ್ನೋತ್ತರ ಎಲ್ಲ ಅದರಲ್ಲಿ ಬಂತು. ಅದನ್ನೇ ಮತ್ತೆ ಮಾಡಲು ನಿಮ್ಮ ಶಿಷ್ಯ ರಾತ್ರಿ ನಿದ್ದೆ ಕೆಡಬೇಕಿಲ್ಲ. ನೀವು ಮಾಡಬೇಕಾದದ್ದು ನಿಮ್ಮ ಹುಡುಗರಿಗೆ, ಅವರ ಕನ್ನಡದಲ್ಲಿ, ಅವರ ಊರನ್ನೇ ಇಟ್ಟುಕೊಂಡು ಹೇಳುವ ಪಾಠ.

ಹಾಗಾದರೆ ಶುರು ಎಲ್ಲಿಂದ? ನನ್ನನ್ನು ಕೇಳಿದರೆ ಮ್ಯಾಪ್ ರೀಡಿಂಗಿನಿಂದ.

ಕಾರಣ ಸರಳ. ನಮ್ಮ ಕಾಲದಲ್ಲಿ ಒಂದು ನಕ್ಷೆಗೆ ಹತ್ತು ತಲೆ. ಮುಂದೆ ಕೂತ ಇಬ್ಬರಿಗೆ ಕಾಣುತ್ತಿತ್ತು, ಉಳಿದವರು ಸುಮ್ನೆ ತಲೆಯಾಡಿಸುತ್ತಿದ್ದರು. ಫೋನಿನಲ್ಲಾದರೆ ಪ್ರತಿಯೊಬ್ಬರಿಗೂ ಒಂದು ನಕ್ಷೆ. ಬೇಕಾದಷ್ಟು ಸಲ ತಪ್ಪು ಮಾಡಬಹುದು, ನಗುವವರಿಲ್ಲ. 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಗ್ರಿಡ್ ರೆಫರೆನ್ಸ್ ಅಂದರೆ ನಕ್ಷೆಯ ಚೌಕಗಳ ಮೇಲೆ ಜಾಗ ಗುರುತಿಸುವ ಅಂಕಿ. ನಾಲ್ಕಂಕಿಯದು ಒಂದು ಕಿಲೋಮೀಟರಿನ ಚೌಕ ತೋರಿಸುತ್ತದೆ. ಆರಂಕಿ ಹೇಳಿದರೆ ನೂರು ಮೀಟರಿನ ಚೌಕಕ್ಕೆ ಬಂದು ನಿಲ್ಲುತ್ತೀರಿ. ಎಲ್ಲರೂ ಎಡವುವುದು ಒಂದೇ ಕಡೆ: ಪೂರ್ವದ ಕಡೆಗೆ ಓದುವ ಅಂಕಿ ಮೊದಲು, ಉತ್ತರದ ಕಡೆಗೆ ಓದುವುದು ಆಮೇಲೆ. ಅದನ್ನು ತಿರುವುಮುರುವು ಮಾಡಿದವನು ಬೇರೆ ಊರಿಗೇ ಹೋಗುತ್ತಾನೆ. ಆ್ಯಪ್ ಬರೀ "ತಪ್ಪು" ಅಂತ ಕೆಂಪು ಬಣ್ಣ ತೋರಿಸಬಾರದು. "ನೀನು ಹೇಳಿದ ಅಂಕಿಗೆ ಹೋದರೆ ಇಲ್ಲಿ ಸಿಗುತ್ತೀಯ" ಅಂತ ಆ ಜಾಗವನ್ನೇ ತೋರಿಸಬೇಕು. ಆಗ ತಪ್ಪೇ ಪಾಠವಾಗುತ್ತದೆ.

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗೆ ದುರ್ಗದ ಬೆಟ್ಟಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿದೆ? ನಿಮ್ಮ ಹುಡುಗರಲ್ಲಿ ಕೋಟೆ ಹತ್ತದವರು ಕಡಿಮೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಸಲೀಸು. ಗೆರೆ ತೋರಿಸಿ, ಪಕ್ಕದಲ್ಲೇ ಅದೇ ಏರಿನ ಫೋಟೋ ಇಡಿ. "ಹೈದರನ ಸೈನ್ಯ ನೀನಾಗಿದ್ದರೆ ಯಾವ ಕಡೆಯಿಂದ ಹತ್ತುತ್ತಿದ್ದೆ?" ಅಂತ ಕೇಳಿ. ಏಳು ಸುತ್ತಿನ ಕೋಟೆಯನ್ನು ಅಲ್ಲೇ ಯಾಕೆ ಕಟ್ಟಿದರು, ಓಬವ್ವ ಕಾದ ಕಿಂಡಿ ಯಾಕೆ ಅಷ್ಟು ಮುಖ್ಯ, ಎಲ್ಲಕ್ಕೂ ಗೆರೆಗಳಲ್ಲೇ ಉತ್ತರ ಹುಡುಕುತ್ತಾರೆ.

ನಕ್ಷೆ ಎಲ್ಲಿಂದ ತರುವುದು ಅನ್ನುತ್ತೀರಿ. 2005ರ ರಾಷ್ಟ್ರೀಯ ನಕ್ಷೆ ನೀತಿಯಲ್ಲಿ ದೇಶದ ನಕ್ಷೆ ತಯಾರಿಸುವ ಸರ್ವೆ ಆಫ್ ಇಂಡಿಯಾ ನಕ್ಷೆಗಳನ್ನು ಎರಡು ಬಗೆ ಮಾಡಿತು. ಒಂದು ಸೇನೆಗೆ, ಇನ್ನೊಂದು 'ಓಪನ್ ಸೀರೀಸ್', ಜನರಿಗೆ. ಎರಡನೆಯದನ್ನೇ ಬಳಸಿ. ನಮ್ಮ ಚಳ್ಳಕೆರೆ ಕಡೆ ಡಿಆರ್‌ಡಿಒ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಯ ಪರೀಕ್ಷಾ ಕ್ಷೇತ್ರವೂ ಇದೆ, ಎಲ್ಲಿಂದಲೋ ಸಿಕ್ಕ ನಕ್ಷೆಯನ್ನು ಹುಡುಗರಿಗೆ ಹಂಚುವುದು ಬೇಡ.

ಡ್ರಿಲ್ ವಿಡಿಯೋ ಮಾಡುವುದಾದರೆ ಕ್ಯಾಮೆರಾ ಕೆಡೆಟ್‌ನ ಬೆನ್ನ ಹಿಂದೆ ಇರಲಿ. ಎದುರಿಗೆ ನಿಂತು ತೆಗೆದರೆ ಅವನ ಬಲ ನೋಡುವವರ ಎಡಕ್ಕೆ ಬರುತ್ತದೆ. ಆಮೇಲೆ ಮೈದಾನದಲ್ಲಿ ಅರ್ಧ ಸಾಲು ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಎರಡು ನಿಮಿಷಕ್ಕಿಂತ ಉದ್ದ ಬೇಡ. ಆದೇಶಗಳಿಗಂತೂ ವಿಡಿಯೋ ಕೂಡ ಬೇಕಿಲ್ಲ, ಆಡಿಯೋ ಸಾಕು. ಉಸ್ತಾದರ ದನಿಯಲ್ಲಿ "ದಾಹಿನೇ ಮುಡ್", ಒಂದು ಕ್ಷಣ ಬಿಟ್ಟು ಕನ್ನಡದಲ್ಲಿ "ಬಲಕ್ಕೆ ತಿರುಗು".

ಯಂತ್ರದ ವಿಷಯ ನಿಮ್ಮ ಶಿಷ್ಯನಿಗೇ ಬಿಡುತ್ತೇನೆ. ಆದರೂ ಸೊನ್ನೆಯಿಂದ ಕಟ್ಟಬೇಡ ಅಂತ ಹೇಳಿ. 2002ರಿಂದ ಇರುವ ಮೂಡಲ್ ಅನ್ನುವ ಕಲಿಕಾ ವೇದಿಕೆ ಉಚಿತ. ಅದರ ಫೋನ್ ಆ್ಯಪಿನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದಾಗಲೂ ಓದಬಹುದು. ಶಾಲೆಯಲ್ಲಿ ನೆಟ್ಟೇ ಇಲ್ಲ ಅನ್ನುವುದಾದರೆ ಕೊಲಿಬ್ರಿ ಅನ್ನುವ ಇನ್ನೊಂದು ವೇದಿಕೆ ನೋಡಲಿ. ಒಂದು ಸಣ್ಣ ಕಂಪ್ಯೂಟರ್ ಮತ್ತು ವೈಫೈ ಇದ್ದರೆ ಅದು ನಡೆಯುತ್ತದೆ. ಪಾಠಗಳನ್ನು ಸ್ಕಾರ್ಮ್ ಅನ್ನುವ ಸಿದ್ಧ ಮಾದರಿಯಲ್ಲಿ ಕಟ್ಟಿಟ್ಟರೆ ನಾಳೆ ಬೇರೆ ವೇದಿಕೆಗೂ ಸಾಗಿಸಬಹುದು. ತಮಾಷೆ ಅಂದರೆ, ಈ ಸ್ಕಾರ್ಮ್ ಹುಟ್ಟಿದ್ದೇ ಅಮೆರಿಕದ ರಕ್ಷಣಾ ಇಲಾಖೆಯ ಕಲಿಕಾ ಯೋಜನೆಯೊಂದರಲ್ಲಿ.

ಲಾಗಿನ್‌ಗೆ ಓಟಿಪಿ ಇಡಬೇಡಿ. ಓಟಿಪಿ ಹೋಗುವುದು ಅಪ್ಪನ ನಂಬರಿಗೆ, ಅಪ್ಪ ಇರುವುದು ಅಡಿಕೆ ತೋಟದಲ್ಲಿ. ಪ್ರತಿ ಕೆಡೆಟ್‌ಗೆ ನಾಲ್ಕಂಕಿಯ ಪಿನ್ ಕೊಡಿ. ಒಂದೇ ಫೋನಿನಲ್ಲಿ ಅಕ್ಕ ತಮ್ಮ ಇಬ್ಬರೂ ಬೇರೆ ಬೇರೆಯಾಗಿ ಓದುವ ಹಾಗಿರಲಿ.

ನಿಮ್ಮ ಹಳೆಯ ನೋಟ್ಸು ನುಡಿಯ ಹಳೇ ಫಾಂಟಿನಲ್ಲಿದೆ ಅಂದಿರಿ. ಈ ಕಷ್ಟ ಪತ್ರಿಕೆಯವರಾದ ನಮಗೆ ಚೆನ್ನಾಗಿ ಗೊತ್ತು. ಹಾಗೇ ಹಾಕಿದರೆ ಫೋನಿನಲ್ಲಿ ಕನ್ನಡ ಕಾಣುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯುನಿಕೋಡಿಗೆ ಬದಲಾಯಿಸುವ ಸಲಕರಣೆಗಳಿವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ಒಮ್ಮೆ ಓದಿ. ನಮ್ಮಲ್ಲಿ ಒಂದು ಇಡೀ ಪುಟ ಹಾಗೆ ಕೆಟ್ಟು ಅಚ್ಚಾಗಿಬಿಟ್ಟಿದೆ.

ಕೊನೆಯದು, ಹಗುರವಾಗಿ ತಗೊಳ್ಳಬೇಡಿ. ನಿಮ್ಮ ಕೆಡೆಟ್‌ಗಳೆಲ್ಲ 18 ತುಂಬದವರು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆಯ ಪ್ರಕಾರ ಮಕ್ಕಳ ಮಾಹಿತಿ ಪಡೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಹೆಸರು, ತರಗತಿ ಸಾಕು. ಫೋಟೋ, ವಿಳಾಸ, ಇರುವ ಜಾಗ ಯಾವುದೂ ಬೇಡ. ಬಾಗಿಲು ತೆರೆಯುವ ಮೊದಲು ನಿಮ್ಮ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರಿಗೆ ಪತ್ರ ಬರೆದು ಒಪ್ಪಿಗೆ ತಗೊಳ್ಳಿ. ಎನ್‌ಸಿಸಿ ಹೆಸರನ್ನೂ ಲಾಂಛನವನ್ನೂ ನಾವು ನಾವೇ ಅಂಟಿಸಿಕೊಳ್ಳುವ ಹಾಗಿಲ್ಲ.

ನಕ್ಷೆಯ ಪಾಠ ಒಂದು ತಯಾರಾದರೆ ನನಗೂ ಒಂದು ಪಿನ್ ಕೊಡಿ. ಆರಂಕಿ ಹೇಳಿ ಎಷ್ಟೋ ವರ್ಷವಾಯಿತು, ಎಲ್ಲಿಗೆ ಹೋಗಿ ಬೀಳುತ್ತೇನೋ ನೋಡೋಣ.

ಸಂಪಾದಕ